ಸಾಬಿರಾ ಕಡೆದ ಕರಡಿ

ಚನ್ನಪಟ್ಟಣದ ಬೊಂಬೆ ಕಾರ್ಖಾನೆಯೊಂದರಲ್ಲಿ ನಾನು ಇಪ್ಪತ್ತೆರಡು ವರ್ಷ ಮರ ಉಜ್ಜುವ ಕೆಲಸ ಮಾಡಿದೆ. ಹೊಂಗನೂರಿನಿಂದ ಬೆಳಗಿನ ಬಸ್ಸಿಗೆ ಬಂದು, ಗೋಡೆಗೆ ಒರಗಿ ಕುಳಿತು, ಉಪ್ಪುಕಾಗದ ಹಿಡಿದರೆ ಸಂಜೆಯವರೆಗೂ ಕೈಗೆ ಮಾತ್ರ ಕೆಲಸ. ಕಿವಿಗೆ ಬಿಡುವೇ ಬಿಡುವು. ಹಾಗೆ ಕುಳಿತು ಕಂಡದ್ದು, ಕೇಳಿದ್ದರಲ್ಲಿ ಸಾಬಿರಾಳ ವಿಚಾರ ಬರೆದಿಡಬೇಕು ಅನ್ನಿಸಿತು. ಎದೆಯ ಮೇಲೆ ಬಿಳಿ ಲಾಳವಿರುವ ಕರಿ ಕರಡಿ ಬೊಂಬೆಯನ್ನು ನಮ್ಮಲ್ಲಿ ಮೊದಲು ಮಾಡಿದವಳು ಅವಳು. ಹೇಗೆ ಮಾಡಿದಳು ಎಂಬುದನ್ನು ನಾನು ಎರಡು ಮೊಳ ದೂರದಲ್ಲಿ ಕುಳಿತು ನೋಡಿದ್ದೇನೆ.

ಆ ಕಾರ್ಖಾನೆಯಲ್ಲಿ ಮರ ತಿರುಗಿಸಿ ಕಡೆಯುವ ಮೂರು ಕರೆಂಟ್ ಲೇತ್ ಇದ್ದವು. ಒಂದರಲ್ಲಿ ಮಾಲೀಕ ನಿಯಾಜ್, ಒಂದರಲ್ಲಿ ಬೋರಲಿಂಗಯ್ಯ, ಮೂರನೆಯದರಲ್ಲಿ ಸಾಬಿರಾಳ ಅಪ್ಪ ಕೆಲಸ ಮಾಡುತ್ತಿದ್ದರು. ಹೆಂಗಸರಿಗೆ ಉಜ್ಜುವುದು, ಅಂಟಿಸುವುದು, ಡಬ್ಬಿಗೆ ತುಂಬುವುದು. ಅಪ್ಪನಿಗೆ ಊಟ ತಂದುಕೊಡುತ್ತಿದ್ದ ಸಾಬಿರಾ ಬಾಗಿಲಲ್ಲಿ ನಿಂತೇ ಕೆಲಸ ಕಲಿತುಬಿಟ್ಟಿದ್ದಳು. ಅಪ್ಪನ ಕಣ್ಣು ಮಂಜಾಗಿ ಅವರು ಮನೆಯಲ್ಲಿ ಕುಳಿತಾಗ ನೇರವಾಗಿ ನಿಯಾಜ್ ಮುಂದೆ ಬಂದು, "ಅಬ್ಬಾನ ಲೇತ್ ನಂಗೆ ಕೊಡಿ ಭಾಯ್" ಅಂದಳು. ಆಗ ಅವಳಿಗೆ ಇಪ್ಪತ್ತೊಂಬತ್ತು. ನಿಯಾಜ್ ಎರಡು ತಿಂಗಳು ನೋಡೋಣ ಅಂದರು.

ಸಾಬಿರಾ ಕುಳ್ಳಿ. ಲೇತು ಅವಳ ಎದೆಮಟ್ಟಕ್ಕೆ ಬರುತ್ತಿತ್ತು. ಮನೆಯಿಂದ ದಪ್ಪನೆಯ ಹಲಗೆ ತಂದು ಕಾಲಡಿ ಹಾಕಿಕೊಂಡಳು. ಬೋರಲಿಂಗಯ್ಯ ದಿನಾ ಸಂಜೆ ಮನೆಗೆ ಹೊರಡುವಾಗ ಅದನ್ನು ಕಾಲಿನಿಂದ ಗೋಡೆಯ ಕಡೆಗೆ ನೂಕಿ, "ಹಲ್ಗೆ ನಿಂದು ಕಣಮ್ಮ, ಲೇತ್ ಇನ್ನೂ ನಿಂದಾಗಿಲ್ಲ" ಅನ್ನುತ್ತಿದ್ದ. ಮಾರನೆಯ ಬೆಳಿಗ್ಗೆ ಅವಳು ಹಲಗೆಯನ್ನು ಮತ್ತೆ ಎಳೆದುಕೊಳ್ಳುತ್ತಿದ್ದಳು.

ಎರಡು ತಿಂಗಳು ಮುಗಿಯುವ ವಾರ ರಾಮನಗರದಿಂದ ಮುನಿರತ್ನಮ್ಮ ಅನ್ನುವ ಸ್ಕೂಲ್ ಮೇಡಂ ಬಂದರು. ಶಾಲೆಗಳಿಗೆ ಹಂಚಲು ನಮ್ಮ ಬೆಟ್ಟಗಳ ಪ್ರಾಣಿಗಳು ಬೇಕು, ಚಿರತೆ, ರಣಹದ್ದು, ಕರಡಿ, ಒಂದೊಂದೂ ಇನ್ನೂರು ಅಂದರು. ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದರು. ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತವೆ, ಬ್ರಷ್ಷಿನ ಪೇಂಟು ಒಂದು ಚುಕ್ಕೆಯೂ ಕೂಡದು, ಎಲ್ಲಾ ಅರಗಿನ ಬಣ್ಣವೇ ಇರಬೇಕು. ಶನಿವಾರ ಬಂದು ನೋಡುತ್ತೇನೆ ಅಂದು ಹೋದರು.

ಚಿರತೆ, ಹದ್ದು ಬೋರಲಿಂಗಯ್ಯನ ಪಾಲಿಗೆ ಹೋದವು. ನಿಯಾಜ್ ಸಾಬಿರಾಳ ಕಡೆ ತಿರುಗಿ, "ಕರಡಿ ನೀನು ಮಾಡು. ಮೇಡಂ ಒಪ್ಪುದ್ರೆ ಲೇತ್ ನಿಂದು. ಇಲ್ದಿದ್ರೆ ಸೋಮವಾರದಿಂದ ಲಕ್ಷ್ಮಕ್ಕನ ಪಕ್ಕ ಕೂತು ಉಜ್ಜು" ಅಂದರು. ಲಕ್ಷ್ಮಕ್ಕ ಅಂದರೆ ನಾನು.

"ಒಪ್ತಾರೆ ಭಾಯ್" ಅಂದಳು ಸಾಬಿರಾ.

ಬೊಂಬೆಗೆ ಬಳಸುವ ಆಲೆ ಮರದ ತುಂಡನ್ನು ಲೇತಿಗೆ ಕಚ್ಚಿಸಿ, ಉಳಿ ಹಿಡಿದು ಮೊಟ್ಟೆಯ ಹಾಗೆ ಮೈ ಕಡೆದಳು. ತಿರುಗುವ ಮರಕ್ಕೆ ಕರಿ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು. ತಲೆಯನ್ನು ಬೇರೆ ತುಂಡಿನಲ್ಲಿ ಕಡೆದು, ಮೂತಿ ಉದ್ದ ಮಾಡಿ, ಅದಕ್ಕೆ ಬೂದುಬಣ್ಣ ಕೊಟ್ಟು, ಕುತ್ತಿಗೆಯ ಕೆಳಗೆ ಸುತ್ತಲೂ ಬಿಳಿಯ ಪಟ್ಟಿ ಎಳೆದು ನನ್ನ ಕೈಗೆ ಕೊಟ್ಟಳು.

"ಇದ್ಯಾಕವ್ವ, ಕರಡಿ ಕೊರಳ್ಗೆ ಹಗ್ಗ ಕಟ್ಟಿದ್ದೀಯಾ?" ಅಂದೆ.

"ಕರಡಿಗೆ ಹಗ್ಗ ಇರ್ತದಲ್ಲಕ್ಕ."

ಅವಳು ಕರಡಿ ಕಂಡದ್ದು ಒಂದೇ ಸಲ. ಚಿಕ್ಕವಳಿದ್ದಾಗ ಬೆಚ್ಚಿಬಿದ್ದು ಜ್ವರ ಬಂದಿತ್ತಂತೆ. ಆಗ ಕರಡಿ ಆಡಿಸುವವರು ಬೀದಿಗೆ ಬಂದರೆ, ಹೆದರಿದ ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿ ಮೂರು ಸುತ್ತು ಹಾಕಿಸುತ್ತಿದ್ದರು. ಹೆದರಿಕೆ ಬಿಟ್ಟುಹೋಗಲಿ ಎಂದು ಎಲ್ಲ ಜಾತಿಯವರೂ ಹಾಗೆ ಮಾಡಿಸುತ್ತಿದ್ದರು. ಸಾಬಿರಾಳನ್ನೂ ಅವಳ ಅಮ್ಮ ಕೂರಿಸಿದ್ದರು.

"ಬೆನ್ ಮೇಲೆ ಕೂತೋಳ್ಗೆ ಏನ್ ಕಾಣ್ತದೆ? ಎರಡು ಕಿವಿ, ಒಂದು ಹಗ್ಗ" ಅಂದಳು. "ಎದೆ ಹೆಂಗಿರ್ತದೋ ನಂಗೇನ್ ಗೊತ್ತು."

ನಾನು ಕಂಡದ್ದು ಎದೆಯನ್ನೇ. ವಿರೂಪಾಕ್ಷಿಪುರದ ಕಡೆ ನನ್ನ ತವರು. ಹನ್ನೊಂದು ವರ್ಷದವಳಿದ್ದಾಗ ಗುಡ್ಡದ ಬುಡದಲ್ಲಿ ಆಡು ಮೇಯಿಸುತ್ತಿದ್ದೆ. ಹುತ್ತ ಕೆರೆದು ಗೆದ್ದಲು ಹೀರುತ್ತಿದ್ದ ಕರಡಿಯ ಸದ್ದು ಕುಲುಮೆಯ ತಿದಿಯ ಸದ್ದಿನ ಹಾಗೆ ಕೇಳಿಸಿತು. ನನ್ನ ವಾಸನೆ ಬಡಿದು ಅದು ಹಿಂಗಾಲ ಮೇಲೆ ಎದ್ದು ನಿಂತಿತು. ಕರಿ ಜಡೆಗೂದಲ ನಡುವೆ ಎತ್ತಿನ ಲಾಳದಂಥ ಬಿಳಿ ಗುರುತು. ಒಂದು ಗಳಿಗೆ ನನ್ನನ್ನು ನೋಡಿ, ನಾಲ್ಕು ಕಾಲಿಗೆ ಇಳಿದು ಪೊದೆಗೆ ಹೋಯಿತು. ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಸಾಬಿರಾಳ ಕರಿ ಮೊಟ್ಟೆಯ ಮೇಲೆ ಬೆರಳಲ್ಲಿ ಆ ಲಾಳವನ್ನು ಎಳೆದು ತೋರಿಸಿದೆ.

ಅವಳು ಬೊಂಬೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ಇದು ಹಗ್ಗ ಇಲ್ದಿರೋ ಕರಡಿ" ಅಂದಳು. "ಇದ್ನೇ ಮಾಡ್ತೀನಿ."

ಬೋರಲಿಂಗಯ್ಯ ತನ್ನ ಲೇತ್ ನಿಲ್ಲಿಸಿ ನಕ್ಕ. "ಅಲ್ಲ ಕಣಮ್ಮ, ಲೇತ್ ಸುತ್ತುತದೆ. ಸುತ್ತೋದ್ರಿಂದ ಬಳೆ ಬತ್ತದೆ, ಉಂಗ್ರ ಬತ್ತದೆ. ಅರ್ಧ ಸುತ್ತಿ ನಿಂತ್ಕೊ ಅಂದ್ರೆ ಮೋಟ್ರು ನಿನ್ ಮಾತ್ ಕೇಳ್ತದಾ? ಲಾಳ ಬ್ರಷ್‌ನಲ್ಲಿ ಬರಿಯೋದು."

"ಬ್ರಷ್ ಬ್ಯಾಡ ಅಂದೌರೆ."

"ಅದ್ಕೇ ಹೇಳ್ತಿರೋದು, ಆಗದ ಕೆಲ್ಸ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗುರುವಾರವೆಲ್ಲ ಸಾಬಿರಾ ಉಳಿಯಿಂದ ಲಾಳ ಕೆತ್ತಿ ಅರಗು ತುಂಬಲು ನೋಡಿದಳು. ತಿರುಗದ ಮರಕ್ಕೆ ಅರಗು ಹತ್ತಲಿಲ್ಲ, ಚಕ್ಕೆಯಾಗಿ ಉದುರಿತು. ಶುಕ್ರವಾರ ಬೇರೆ ದಾರಿ ಹಿಡಿದಳು. ಒಂದು ಮರದ ಬಟ್ಟಲು ಕಡೆದು, ಕರಿ ಮೊಟ್ಟೆಯನ್ನು ಅದರಲ್ಲಿ ಅಡ್ಡಡ್ಡ ಸಿಕ್ಕಿಸಿ, ಎದೆ ತನ್ನ ಕಡೆ ಬರುವಂತೆ ಲೇತಿಗೆ ಹಾಕಿದಳು. ತಿರುಗುವಾಗ ಉಳಿಯ ತುದಿ ತಾಕಿಸಿದರೆ ಎದೆಯ ಮೇಲೆ ದುಂಡನೆಯ ಗೀರು ಬಿತ್ತು. ಬಿಳಿ ಅರಗು ಒತ್ತಿದಳು. ಎದೆಯ ಮೇಲ್ಭಾಗದಲ್ಲಿ ಪೂರ್ತಿ ಬಳೆಯೊಂದು ಮೂಡಿತು.

"ಸಂದಾಕೈತೆ" ಅಂದ ಬೋರಲಿಂಗಯ್ಯ. "ಒಳ್ಗೆ ಮುಳ್ ಹಾಕು, ಗಡಿಯಾರ ಆಯ್ತದೆ."

ಸಾಬಿರಾ ನನ್ನ ಪಕ್ಕ ಬಂದು ಕುಳಿತಳು. ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳಿನಿಂದ ಅದರ ತುದಿಯನ್ನು ಒತ್ತುತ್ತಾ ಯೋಚಿಸುತ್ತಿದ್ದಳು. ನಾನು ನೋಡಿದೆ. ಬಳೆಯ ಮೇಲರ್ಧ ಅವಳ ಹೆಬ್ಬೆರಳಿನ ಅಡಿ ಮುಚ್ಚಿತ್ತು. ಕೆಳಗೆ ಉಳಿದಿದ್ದು ನಾನು ಗುಡ್ಡದ ಬುಡದಲ್ಲಿ ಕಂಡ ಲಾಳ.

"ಸಾಬಿರಾ, ಕೈ ಅಲ್ಲಾಡುಸ್ಬ್ಯಾಡ" ಅಂದೆ. "ಬೆರಳ್ ನೋಡು."

ನೋಡಿದಳು. ಎರಡನೆಯ ಮಾತು ಹೇಳಬೇಕಾಗಲಿಲ್ಲ. ಎದ್ದು ಗರಗಸ ತೆಗೆದುಕೊಂಡು, ಹೆಬ್ಬೆರಳಿದ್ದ ಕಡೆ ಮೊಟ್ಟೆಯ ತುದಿಯನ್ನು ಬಳೆಯ ಅರ್ಧದ ಸಮೇತ ಕೊಯ್ದಳು. ಚಪ್ಪಟೆಯಾದ ಆ ಜಾಗದಲ್ಲಿ ತೂತು ಕೊರೆದು ತಲೆ ಕೂರಿಸಿದಳು. ಉದ್ದ ಮೂತಿಯ ಕರಡಿ, ಎದೆಯ ಮೇಲೆ ಲಾಳ ಹೊತ್ತು, ಹಗ್ಗವಿಲ್ಲದೆ ನೆಟ್ಟಗೆ ನಿಂತಿತು.

ಬೋರಲಿಂಗಯ್ಯ ಬಂದು ಅದನ್ನು ಎತ್ತಿ, ತಲೆ ತಿರುಗಿಸಿ, ಕೆಳಗಿಟ್ಟ. "ನಿಮ್ಮಪ್ಪಂಗೂ ಇದು ಹೊಳ್ದಿರ್ನಿಲ್ಲ" ಎಂದಷ್ಟೇ ಅಂದು ತನ್ನ ಲೇತಿಗೆ ಹೋದ. ಸಂಜೆ ಹಲಗೆಯನ್ನು ಮಾತ್ರ ಎಂದಿನಂತೆ ಗೋಡೆಗೆ ನೂಕಿಯೇ ಹೊರಟ.

ಶನಿವಾರ ಮೇಡಂ ಬಂದವರು ಚಿರತೆ, ಹದ್ದುಗಳನ್ನು ಒಪ್ಪಿ, ಕರಡಿಯನ್ನು ಬೆಳಕಿಗೆ ಹಿಡಿದರು. "ಬ್ರಷ್ ಬೇಡ ಅಂದಿದ್ದೆನಲ್ಲ" ಅಂದರು.

"ಉಗುರಾಕಿ ನೋಡಿ ಮೇಡಂ" ಅಂದಳು ಸಾಬಿರಾ.

ಮೇಡಂ ಉಗುರಿನಿಂದ ಕೆರೆದರು. ಬಿಳಿ ಕಿತ್ತು ಬರಲಿಲ್ಲ. ಮತ್ತೊಮ್ಮೆ ಕೆರೆದು, ಕನ್ನಡಕ ಹಣೆಗೇರಿಸಿ ನೋಡಿದರು. "ಅರಗೇ. ಆದರೆ ಮುಖ ತೀರಾ ಗಂಭೀರವಾಯಿತು. ಮಕ್ಕಳಿಗಲ್ಲವಾ, ಸ್ವಲ್ಪ ನಗುತ್ತಾ ಇದ್ದರೆ ಚೆನ್ನ."

ನಿಯಾಜ್ ಕತ್ತು ಆಡಿಸಿ ಹೂಂ ಅನ್ನುವುದರಲ್ಲಿದ್ದರು. ಸಾಬಿರಾ ಮಧ್ಯೆ ಮಾತಾಡಿದಳು. "ನಮ್ ಬೆಟ್ಟದ್ದು ನಗಲ್ಲ ಮೇಡಂ. ಲಕ್ಷ್ಮಕ್ಕ ಎದುರ್ಗೆ ನಿಂತು ನೋಡೌರೆ, ಕೇಳಿ."

ಮೇಡಂ ನನ್ನ ಕಡೆ ತಿರುಗಿದರು. "ನಗ್ನಿಲ್ಲ ಕಣಮ್ಮ" ಅಂದೆ. "ನಾನೂ ನಗ್ನಿಲ್ಲ."

ಮೇಡಂ ಮಾತ್ರ ನಕ್ಕರು. "ಹಾಗಾದರೆ ಹೀಗೇ ಇರಲಿ. ಇನ್ನೂರೂ ಇದೇ ಥರ" ಅಂದರು. ಮಾದರಿಯ ಕರಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ನಿಯಾಜ್ ಒಳಗೇ ಉಳಿದರು. ನಾವು ಮಧ್ಯಾಹ್ನದ ಊಟಕ್ಕೆ ಹೊರಗೆ ಕುಳಿತಿದ್ದಾಗ ಒಳಗೆ ಸುತ್ತಿಗೆಯ ಸದ್ದು ಕೇಳಿಸಿತು. ಯಾವುದೋ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದಾರೆ ಅಂದುಕೊಂಡೆ.

ಸಂಜೆ ಬೋರಲಿಂಗಯ್ಯ ಅಂಗಿ ಕೊಡವಿಕೊಂಡು, ಬೀಡಿ ಬಾಯಿಗಿಟ್ಟು, ಹೋಗುವ ದಾರಿಯಲ್ಲಿ ಹಲಗೆಯನ್ನು ಒದ್ದ. ಹಲಗೆ ಅಲ್ಲಾಡಲಿಲ್ಲ. ಬೀಡಿ ಕೆಳಗೆ ಬಿತ್ತು. ಅವನು ಕಾಲಿನ ಹೆಬ್ಬೆಟ್ಟು ಹಿಡಿದುಕೊಂಡು ಕುಳಿತು, ಬಗ್ಗಿ ನೋಡಿದ. ನಾಲ್ಕು ಮೂಲೆಗೂ ಉದ್ದನೆಯ ಮೊಳೆ, ನೆಲದ ಮರದ ಪಟ್ಟಿಗೆ ಸೇರಿಸಿ ಹೊಡೆದಿತ್ತು.

"ಕಾಲ್ ನೋಡ್ಕೊಂಡ್ ಮಡಗು ಬೋರಣ್ಣ" ಅಂದಳು ಸಾಬಿರಾ, ಅರಗಿನ ಕಡ್ಡಿಗಳನ್ನು ಒಂದೊಂದಾಗಿ ತನ್ನ ಲೇತಿನ ಪಕ್ಕಕ್ಕೆ ಜೋಡಿಸುತ್ತಾ.