ಭಾವನ ಕಾರಿನ ಗಂಟಲು

ಗುಂಡಗಿರುವುದು ಏನೇ ಕೈಗೆ ಸಿಕ್ಕಲಿ, ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸದೆ ಕೆಳಗಿಡಲು ನನಗೆ ಆಗುವುದಿಲ್ಲ. ಬೆಲ್ಲದ ಡಬ್ಬ, ಮಾತ್ರೆಯ ಶೀಶೆ, ಮಕ್ಕಳ ಚೆಂಡು, ಎಲ್ಲಕ್ಕೂ ಇದೇ ಮರ್ಯಾದೆ. ಒಮ್ಮೆ ಗೃಹಪ್ರವೇಶಕ್ಕೆ ಒಯ್ದ ಉಡುಗೊರೆಯನ್ನೂ ಆ ಮನೆಯ ಹೊಸಿಲ ಮೇಲೆ ನಿಂತು ಅಲ್ಲಾಡಿಸಿದ್ದೆ. ಒಳಗಿದ್ದದ್ದು ಗಾಜಿನ ಲೋಟ. ನನ್ನ ಹೆಂಡತಿ ಅದನ್ನು ಇಂದಿಗೂ ಮರೆತಿಲ್ಲ, ಮರೆಯಲು ನನ್ನನ್ನೂ ಬಿಟ್ಟಿಲ್ಲ.

ಇದು ನನ್ನೊಬ್ಬನ ಚಾಳಿಯಲ್ಲ, ನಮ್ಮ ಸೀಮೆಯದು. ತಿಪಟೂರಿನ ಸುತ್ತ ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಮರೆತುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಒಣಗಿ, ಕೊನೆಗೊಂದು ದಿನ ಕರಟದ ನಂಟು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆ ದಿನ ಬಂತೆಂದು ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗೆ ಲೊಡಲೊಡ ಅಂದರೆ ‘ಬಿಟ್ಟಿದೆ’ ಎನ್ನುತ್ತಾರೆ, ಸುಲಿಯಲು ಹಾಕುತ್ತಾರೆ. ಸುಮ್ಮನಿದ್ದರೆ ಮತ್ತೆ ಅಟ್ಟವೇ ಗತಿ. ಹೀಗಾಗಿ ಒಳಗಿನಿಂದ ಸದ್ದು ಬರುವುದೆಲ್ಲ ಒಳ್ಳೆಯದು ಎಂಬ ನಂಬಿಕೆ ನಮಗೆ ಹಾಲಿನ ಜೊತೆಗೇ ಇಳಿದುಬಿಟ್ಟಿದೆ.

ಈ ವಿದ್ಯೆಯಲ್ಲಿ ನೊಣವಿನಕೆರೆಯ ನನ್ನ ಭಾವನನ್ನು ಮೀರಿಸಿದವರಿರಲಿಲ್ಲ. ಭಾವ ಎಂದರೆ ನನ್ನ ಗಿರಿಜಕ್ಕನ ಗಂಡ. ಅಕ್ಕಪಕ್ಕದ ತೋಟದವರೂ ಕಾಯಿಯ ರಾಶಿ ಹಾಕಿಕೊಂಡು ಅವರಿಗೆ ಕಾಯುತ್ತಿದ್ದರು. ಅವರು ಕಾಯಿ ಎತ್ತಿ, ಕಣ್ಣು ಮುಚ್ಚಿ, ಒಂದೇ ಸಲ ಅಲ್ಲಾಡಿಸಿ ಈ ಕಡೆಗೋ ಆ ಕಡೆಗೋ ಎಸೆಯುತ್ತಿದ್ದರು. ಅವರ ಕಿವಿಯ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಅಂಥ ಕಿವಿಯೇ ಅವರಿಗೆ ಒಂದು ಹುಚ್ಚನ್ನೂ ಅಂಟಿಸಿತು. ಹರೆಯದಲ್ಲಿ ಟ್ರಾಕ್ಟರ್ ತರಲೆಂದು ಬೆಂಗಳೂರಿಗೆ ಹೋದವರು ಅಲ್ಲೊಂದು ಸ್ಪೋರ್ಟ್ಸ್ ಕಾರಿನ ಸದ್ದು ಕೇಳಿ ಮರುಳಾದರು. ಮನೆಯಲ್ಲಿ ಟ್ರಾಕ್ಟರ್ ಬರುತ್ತದೆಂದು ಪೂಜೆಗೆ ಅಣಿಮಾಡಿಕೊಂಡು ನಿಂತಿದ್ದವರ ಮುಂದೆ ಎರಡು ಬಾಗಿಲಿನ, ಎರಡೇ ಸೀಟಿನ, ನೆಲ ಮುಟ್ಟುವಂತಿದ್ದ ಆ ಕೆಂಪು ಹಳೆಯ ಕಾರು ಬಂದು ನಿಂತಿತು. ಅವರ ತಾಯಿ ಒಂದು ಗಳಿಗೆ ದಿಟ್ಟಿಸಿದರು. ‘ಇನ್ನೂ ಬೆಳೀತದೋ ಏನೋ ಬುಡು’ ಎಂದು ಹೇಳಿ ಆರತಿ ಎತ್ತಿದರು.

ಕಾರು ಬೆಳೆಯಲಿಲ್ಲ. ಆದರೆ ವಾರಕ್ಕೊಮ್ಮೆ ಭಾವ, ಅಕ್ಕ ಇಬ್ಬರೂ ಅದರಲ್ಲಿ ನಾನಿರುವ ತಿಪಟೂರಿಗೆ ಬರುವುದು ಮಾತ್ರ ಇವತ್ತಿಗೂ ತಪ್ಪಿಲ್ಲ. ಮಕ್ಕಳು, ನೆಂಟರು, ಕೆಲಸದವರು ಅಂತ ಸದಾ ತುಂಬಿ ತುಳುಕುವ ಮನೆ ಅವರದು. ಇಬ್ಬರೇ ಕೂರಲು ಜಾಗವಿದ್ದದ್ದು ಆ ಕಾರಿನಲ್ಲಿ ಮಾತ್ರ. ಅಕ್ಕನಿಗೆ ವಾರದ ಮಾತೆಲ್ಲ ಆಡಿ ಮುಗಿಸಲು ಅದೇ ತಾವು.

ಈ ವರ್ಷ ಭಾವನಿಂದ ಫೋನು ಬಂತು. “ಕಾರಿಗೆ ಗಂಟಲು ಕಟ್ಟೋಗದೆ ಕಣಯ್ಯಾ. ಮೊದಲಿನ ಗತ್ತೇ ಇಲ್ಲ. ಸೈಲೆನ್ಸರ್ ಬದಲಾಯಿಸ್ಬೇಕು, ನೀನು ಜೊತೆಗಿರು.” ನಾನು ಕಾರಿನ ಪತ್ರಿಕೆ ತರಿಸುತ್ತೇನೆ ಎಂಬ ಒಂದೇ ಕಾರಣಕ್ಕೆ ನೆಂಟರಲ್ಲಿ ನಾನು ಮೋಟಾರು ತಜ್ಞ. ನನಗೆ ಕಾರಿಲ್ಲ ಎಂಬುದನ್ನು ಅವರು ದೊಡ್ಡ ಮನಸ್ಸಿನಿಂದ ಕಡೆಗಣಿಸಿದ್ದಾರೆ.

ಓದಿದ ಜ್ಞಾನವನ್ನು ಎಲ್ಲಾದರೂ ಇಳಿಸಬೇಕಲ್ಲ, ಇಲ್ಲೇ ಇಳಿಸುತ್ತೇನೆ. ಎಂಜಿನ್ನಿನಲ್ಲಿ ನಡೆಯುವುದು ಒಂದರ ಹಿಂದೊಂದು ಸಿಡಿತ. ಆ ಆರ್ಭಟ ಸೈಲೆನ್ಸರಿನೊಳಗಿನ ಅಡ್ಡ ತಗಡುಗಳಿಗೆ ಬಡಿದು ಹಿಂದಿರುಗುತ್ತದೆ, ಹಿಂದೆ ಬರುತ್ತಿರುವ ಆರ್ಭಟಕ್ಕೆ ಎದುರಾಗುತ್ತದೆ, ಎರಡೂ ಒಂದನ್ನೊಂದು ಸುಸ್ತು ಮಾಡಿ ಮೆತ್ತಗೆ ಹೊರಬರುತ್ತವೆ. ಒಟ್ಟು ಕುಟುಂಬದಲ್ಲಿ ಬೆಳೆದವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಿಲ್ಲ. ತೀರ ಬಿಗಿ ಮಾಡಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ, ತೀರ ಸಡಿಲ ಬಿಟ್ಟರೆ ಊರಿಗೆ ತಲೆನೋವು. ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆಂದು ಆರಿಸುವುದೇ ಕಷ್ಟ.

ಅವರಿಬ್ಬರೂ ತಿಪಟೂರಿಗೆ ಬಂದಿಳಿದಾಗ ಕಾರಿನ ಸದ್ದು ನನಗೆ ಬೀದಿಯ ಆ ತುದಿಯಿಂದಲೇ ಕೇಳಿತ್ತು. ಗತ್ತಿಗೇನೂ ಕೊರತೆ ಕಾಣಲಿಲ್ಲ. ಕೊಳವೆ ಅಲ್ಲಲ್ಲಿ ತುಕ್ಕು ಹಿಡಿದು ತೂತಾಗಿದ್ದರಿಂದ ಸ್ವಲ್ಪ ಹೆಚ್ಚೇ ಆಗಿತ್ತು. ಅಕ್ಕ ಇಳಿದವಳೇ ನನ್ನನ್ನು ಪಕ್ಕಕ್ಕೆ ಕರೆದಳು. “ಕಿವಿ ಡಾಕ್ಟ್ರ ಹತ್ರ ಹೋಗಾನ ಅಂದ್ರೆ ಕಾರು ರಿಪೇರಿಗೆ ಹೊಂಟವ್ರೆ ಕಣೋ. ಏನೂ ಅನ್ಬೇಡ. ಬೇಜಾರು ಮಾಡ್ಕತಾರೆ.” ನಾನು ಭಾವನ ಕಡೆ ನೋಡಿದೆ. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟುವವರಂತೆ ನಿಂತಿದ್ದರು. ನೊಣವಿನಕೆರೆಯ ಆ ಕಿವಿ ಹೋಗುತ್ತಿದೆ ಎಂದರೆ ಅವರಲ್ಲಿ ಏನು ಉಳಿದೀತು?

ಗ್ಯಾರೇಜಿನ ರುದ್ರೇಶ ಬೆಂಗಳೂರಿನಿಂದ ಸೈಲೆನ್ಸರುಗಳನ್ನು ತರಿಸಿ ಗೋಡೆಗೆ ಒರಗಿಸಿಟ್ಟಿದ್ದ. ಗಡಸು ದನಿಯದೊಂದು, ಮೆತ್ತನೆಯದೊಂದು. ಮೂಲೆಯಲ್ಲಿ ಬೇರೆಯಾಗಿ ಇಟ್ಟಿದ್ದ, ಫಳಫಳ ಹೊಳೆಯುವ ಸ್ಟೀಲಿನದು ಇನ್ನೊಂದು. ಅವನು ಗುಣ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಭಾವ ಗಡಸಿನದನ್ನು ಎರಡು ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದಿಲ್ಲ. ಕೆಳಗಿಟ್ಟರು. ಮೆತ್ತನೆಯದನ್ನು ಅಲ್ಲಾಡಿಸಿದರು, ಅದೂ ಸುಮ್ಮನಿತ್ತು. ಮೂಲೆಯದನ್ನು ಎತ್ತಿ ಅಲ್ಲಾಡಿಸಿದಾಗ ಒಳಗೆ ಲೊಡಲೊಡ ಎಂದದ್ದು ನಮಗೆಲ್ಲ ಕೇಳಿಸಿತು. ಭಾವನ ಮುಖದಲ್ಲಿ ಮಾತ್ರ ಏನೂ ಆಗಲಿಲ್ಲ. ಅವರು ಮೆಲ್ಲಗೆ ಅಕ್ಕನ ಕಡೆ ಕಣ್ಣು ಹೊರಳಿಸಿದರು. ಅಕ್ಕ ಕಂಡೂ ಕಾಣದಷ್ಟು ಸಣ್ಣಗೆ ಹೌದೆಂದು ತಲೆಯಾಡಿಸಿದಳು.

“ಇದು ಬಿಟ್ಟದೆ. ಇದೇ ಇರ್ಲಿ,” ಎಂದರು ಭಾವ.

“ಅಯ್ಯೋ ಯಜಮಾನ್ರೇ! ಅದು ಲಾರೀಲಿ ಬರೋವಾಗ ಒಳಗಿನ ತಗಡು ಕಿತ್ತೋಗಿರೋದು ಕಣ್ರೀ. ವಾಪಸ್ ಕಳ್ಸಕ್ಕೆ ಇಟ್ಟಿದ್ದೆ,” ಎಂದು ರುದ್ರೇಶ ನಕ್ಕ. ನಾನೂ ನಕ್ಕೆ. ಅಕ್ಕ ನಗಲಿಲ್ಲ. ಅವಳ ಕೈ ಬಾಯಿಗೆ ಹೋಗಿತ್ತು. ಆಗ ನನಗೆ ಎಲ್ಲ ತಿಳಿಯಿತು. ಕಾಯಿಯ ರಾಶಿಯ ಮುಂದೆ ಅಕ್ಕ ಇತ್ತೀಚೆಗೆ ಭಾವನ ಎದುರಿಗೇ ಮಣೆ ಹಾಕಿಕೊಂಡು ಕೂರುತ್ತಿದ್ದದ್ದನ್ನು ನಾನೂ ಕಂಡಿದ್ದೆ. ಅದು ಸುಮ್ಮನೆ ಅಲ್ಲ. ಭಾವ ಈಗ ಕಣ್ಣು ತೆರೆದುಕೊಂಡೇ ಅಲ್ಲಾಡಿಸುತ್ತಿದ್ದರು, ಕೇಳಿ ತಲೆಯಾಡಿಸುತ್ತಿದ್ದವಳು ಅವಳು. ರೂಢಿಯ ಭರದಲ್ಲಿ ಇವತ್ತು ಅವಳು ಸೈಲೆನ್ಸರಿಗೂ ತಲೆಯಾಡಿಸಿಬಿಟ್ಟಿದ್ದಳು. ಇಡೀ ಲೋಕದಲ್ಲಿ ಕೊಬ್ಬರಿ ಸೀಮೆಯ ಗಂಡಹೆಂಡಿರಿಗಲ್ಲದೆ ಇನ್ನಾರಿಗೂ ಈ ತಪ್ಪು ಮಾಡಲು ಬಾರದು.

ನನಗೆ ಭಾವನ ಮುಖ ನೋಡಲಾಗಲಿಲ್ಲ. ತಜ್ಞನಲ್ಲವೇ, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ. “ಗಡಸಿಂದೇ ಹಾಕ್ಸಿ ಭಾವ.” ಅವರಿಗೆ ಅವರ ಕಾರಿನ ದನಿ ಮತ್ತೆ ಕೇಳಲಿ ಎಂಬುದಷ್ಟೇ ನನ್ನ ಆಸೆ. ಊರಿಗೆ ತಲೆನೋವಾದರೆ ಆಗಲಿ.

ರುದ್ರೇಶ ಹಳೆಯದನ್ನು ಬಿಚ್ಚಿ ಗಡಸಿನದನ್ನು ತಗುಲಿಸಿದ. ಭಾವ ಒಳಗೆ ಕೂತು ಚಾಲೂ ಮಾಡಿದರು. ತಗಡಿನ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಎದುರಿನ ಚಹಾದಂಗಡಿಯಾತ ಸೌಟು ಹಿಡಿದೇ ಹೊರಗೆ ಬಂದ. ಆದರೆ ಭಾವನ ಮುಖ! ಟ್ರಾಕ್ಟರಿನ ಬದಲು ಕಾರು ತಂದ ದಿನದ ಮುಖವೇ ಅದು. “ಈಗ ಬಂತು ನೋಡಯ್ಯಾ!” ಎಂದು ಕೂಗಿದರು. ಪಕ್ಕದಲ್ಲಿ ಕೂತಿದ್ದ ಅಕ್ಕ ಅವರ ಕಡೆ ತಿರುಗಿ ನಗುತ್ತಾ ಏನೋ ಅಂದಳು. “ಆಂ?” ಎಂದರು. ಅವಳು ಮತ್ತೆ ಅಂದಳು. ಭಾವ ಅವಳ ತುಟಿಯನ್ನೇ ನೋಡಿದರು. ಅವಳ ತುಟಿ ಆಡುತ್ತಿತ್ತು, ಅಷ್ಟೇ.

ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರು. ಆಮೇಲೆ ಇಳಿದು ಬಂದು, ನನ್ನ ಕಡೆ ನೋಡುತ್ತ ರುದ್ರೇಶನಿಗೆ ಹೇಳಿದರು.

“ಮೆತ್ತಗಿರೋದೇ ಹಾಕಪ್ಪಾ. ಕಾರು ಹೇಳೋದೆಲ್ಲ ನಂಗೆ ಬಾಯಿಪಾಠ ಆಗದೆ. ಇವ್ಳದ್ದು ದಿನಾ ಹೊಸದಿರ್ತದೆ. ಉಳ್ದಿರೋ ಕಿವಿ ಅವಳಿಗಿರ್ಲಿ.”

ಅಕ್ಕ ಕಾರಿನೊಳಗೇ ಕೂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನಗೂ ಕಣ್ಣು ತುಂಬಿ ಬಂತು. ರುದ್ರೇಶ ಮಾತ್ರ ಸ್ಪ್ಯಾನರ್ ಹುಡುಕುವ ನೆಪ ಸಿಕ್ಕ ಅದೃಷ್ಟವಂತ.

ಸಂಜೆ ಅವರಿಬ್ಬರನ್ನೂ ಕಳಿಸಿಕೊಟ್ಟು ನಿಂತೆ. ಕಾರು ತಿರುವು ದಾಟುವ ಮೊದಲೇ ಅದರ ಸದ್ದು ಸಂತೆಯ ಗದ್ದಲದಲ್ಲಿ ಕರಗಿತು. ಈಗ ಒಳಗೆ ಅಕ್ಕನ ಬಾಯಿ ನೊಣವಿನಕೆರೆಯವರೆಗೂ ನಿಲ್ಲುವುದಿಲ್ಲ, ಪಾಪ ಭಾವ, ತಾವೇ ಆರಿಸಿಕೊಂಡದ್ದು ಎಂದು ನಗುತ್ತ ಮನೆಗೆ ಬಂದೆ.

ಮಾರನೆಯ ದಿನ ತಡೆಯಲಾರದೆ ಅಕ್ಕನಿಗೆ ಫೋನು ಮಾಡಿದೆ. ಕಿವಿ ಡಾಕ್ಟರ ಹತ್ತಿರ ಬರುತ್ತೇನೆಂದು ಭಾವ ತಾವಾಗಿಯೇ ಒಪ್ಪಿದ್ದಾರಂತೆ. ಸಂತೋಷವಾಯಿತು. ದಾರಿಯಲ್ಲಿ ಏನೇನು ಮಾತಾಡಿದೆ, ಭಾವನಿಗೆ ಎಲ್ಲ ಕೇಳಿಸಿತಾ ಎಂದು ಅಕ್ಕನನ್ನು ಕೆಣಕಿದೆ.



“ಏನೂ ಮಾತಾಡ್ಲಿಲ್ಲ ಕಣೋ. ಅಷ್ಟು ನಿಶ್ಶಬ್ದ ಆಗೋಯ್ತಲ್ಲ, ಒಂದು ಮಾತೂ ಹೊಳೀಲಿಲ್ಲ. ಇವ್ರೂ ಸುಮ್ಕೇ ಇದ್ರು. ಊರು ಬಂದಿದ್ದೇ ಗೊತ್ತಾಗ್ಲಿಲ್ಲ,” ಎಂದಳು. “ಬಲು ಚೆನ್ನಾಗಿತ್ತು.”