ತುಟಿ ನೋಡಿ ಹೇಳುತ್ತಿದ್ದ ಶಾಸ್ತ್ರ

ನಮ್ಮಣ್ಣನ ಬಲಗೈ ಮೂಳೆ ಮುರಿದವಳು ನಾನು. ಮುದ್ದೆ ಕೋಲಿನಿಂದ, ಒಂದೇ ಏಟಿಗೆ. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಪಶ್ಚಾತ್ತಾಪ ಇರುವುದು ಅದಕ್ಕೆ ಹತ್ತು ನಿಮಿಷ ಮುಂಚೆ ನಾನು ಆಡಿದ ಒಂದು ತಮಾಷೆಯ ಮಾತಿಗೆ. ಅದು ಅತ್ತಿಗೆಯ ಲಿಪ್‌ಸ್ಟಿಕ್ಕಿನ ಮಾತು.

ವಿಜಯಪುರದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಶೆಡ್ಡಿನಲ್ಲಿ ನನ್ನ ಕೆಲಸ. ಎಡಕ್ಕೆ ತಿರುಚಿದ ನೂಲೂ ಬಲಕ್ಕೆ ತಿರುಚಿದ ನೂಲೂ ಬರಿಗಣ್ಣಿಗೆ ಒಂದೇ ಥರ ಕಾಣುತ್ತವೆ. ಅದಕ್ಕೇ ನಮ್ಮ ಶೆಡ್ಡಿನಲ್ಲಿ ಗುರುತಿಗೆಂದು ಬಲ ಹುರಿಗೆ ಗುಲಾಬಿ, ಎಡ ಹುರಿಗೆ ಹಸಿರು, ಹೀಗೆ ಕಚ್ಚಾ ಬಣ್ಣ ಹಾಕುತ್ತಾರೆ. ಬಟ್ಟೆ ನೇಯ್ದ ಮೇಲೆ ಬಿಸಿ ಸೋಪಿನ ನೀರಿಗೆ ಹಾಕಿದರೆ ಆ ಬಣ್ಣ ಹೊರಟುಹೋಗುತ್ತದೆ. ಎರಡನ್ನೂ ಬೆರೆಸಿಬಿಟ್ಟರೆ ಬಟ್ಟೆ ಕೆಟ್ಟಿತು ಅಂತಲೇ ಲೆಕ್ಕ. ಸೇರಿದ ಹೊಸದರಲ್ಲಿ ನಾನು ಒಮ್ಮೆ ಬೆರೆಸಿದ್ದಕ್ಕೆ ಮೇಸ್ತ್ರಿ ಕೈಗೆ ಸಿಕ್ಕ ಬಾಬಿನ್ ತೆಗೆದು ಬೆನ್ನಿಗೆ ಬೀಸಿದ್ದ. ವಾರ ಪೂರ್ತಿ ಮಗ್ಗುಲಾಗಿ ಮಲಗಿದೆ. ಆಮೇಲೆ ಬಣ್ಣ ಕಂಡ ಕೂಡಲೇ ಹುರಿ ಯಾವುದೆಂದು ಹೇಳುವುದು ನನಗೆ ನೀರು ಕುಡಿದಷ್ಟು ಸಲೀಸಾಯಿತು.

ಆ ಚಟ ನೂಲಿಗೇ ನಿಲ್ಲಲಿಲ್ಲ. ಶೆಡ್ಡಿನ ಹೆಂಗಸರೆಲ್ಲ ಲಿಪ್‌ಸ್ಟಿಕ್ ಹಚ್ಚಿಕೊಂಡು ಬರುವ ಕಾಲ ಬಂದಾಗ ನಾನು ಅವರ ತುಟಿಯನ್ನೂ ಓದತೊಡಗಿದೆ. ಕಿತ್ತಳೆ ಹಚ್ಚುವವಳಿಗೆ ಮಾತು ಜಾಸ್ತಿ, ಕೆಲಸ ಕಡಿಮೆ. ಕಾಫಿ ಬಣ್ಣದವಳು ಮನೆ ವಿಷಯ ಸತ್ತರೂ ಬಾಯಿ ಬಿಡುವುದಿಲ್ಲ. ತಿಳಿ ಗುಲಾಬಿ ಅಂದರೆ ಪಾಪದ ಹಸು. ಅಪ್ಪಟ ಕೆಂಪಿನವಳು ಅತ್ತೆಗೂ ಹೆದರಳು, ಯಮನಿಗೂ ಹೆದರಳು. ಹೇಳಬೇಕಾಗಿಲ್ಲ, ನನ್ನದು ಆ ಕೆಂಪೇ. ಊಟದ ಹೊತ್ತಿಗೆ ಹುಡುಗಿಯರು ಸುತ್ತ ಕೂತು, "ಅಕ್ಕಾ, ನಂದು ನೋಡಿ ಹೇಳು," ಅನ್ನುತ್ತಿದ್ದರು. ಹತ್ತರಲ್ಲಿ ಆರು ಸರಿ ಹೋಗುತ್ತಿತ್ತು, ಉಳಿದ ನಾಲ್ಕನ್ನು ಎಲ್ಲರೂ ಮರೆಯುತ್ತಿದ್ದರು.

ಅತ್ತಿಗೆ ಸಾಸಲು ಕಡೆಯವಳು. ನಮ್ಮ ಮನೆಗೆ ಬಂದಾಗ ಅವಳದು ತಿಳಿ ಗುಲಾಬಿ. ನಾನು ಮೊದಲ ದಿನವೇ ಪಾಪದ ಹಸು ಎಂದು ತೀರ್ಪು ಕೊಟ್ಟಿದ್ದೆ. ಒಂದು ವರ್ಷ ಕಳೆದ ಮೇಲೆ ಅವಳು ಕಗ್ಗೆಂಪು ಹಚ್ಚಲು ಶುರುಮಾಡಿದಳು. ಮನೆಯೊಳಗೂ ಹಚ್ಚುತ್ತಿದ್ದಳು, ಪಾತ್ರೆ ತೊಳೆಯುವಾಗಲೂ ಹಚ್ಚಿರುತ್ತಿದ್ದಳು. ನಾನು ನೋಡಿದರೆ ಮುಖ ಆ ಕಡೆ ತಿರುಗಿಸುತ್ತಿದ್ದಳು. ಇವಳಿಗೆ ಜಂಭ ಬಂತು ಅಂದುಕೊಂಡೆ. ನನಗೆ ಮೈ ಉರಿಯುತ್ತಿತ್ತು.

ಅಣ್ಣನಿಗೆ ವಿಮಾನ ನಿಲ್ದಾಣದ ಕಡೆ ಒಂದು ಗೋದಾಮಿನಲ್ಲಿ ಸಂಬಳದ ಕೆಲಸ, ಪಾಳಿಯಲ್ಲಿ. ನಾನು ಬೆಳಿಗ್ಗೆ ಶೆಡ್ಡಿಗೆ ಹೊರಟ ಮೇಲೆ ಅವನು ಮನೆಯಲ್ಲಿರುತ್ತಿದ್ದ. ಆಗ ಏನಾಗುತ್ತಿತ್ತು ಎಂದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಟಿವಿ ಸದ್ದು ಜಾಸ್ತಿ ಮಾಡಿಕೊಂಡು ಕೂರುತ್ತಿದ್ದಳಂತೆ.

ಆ ಭಾನುವಾರ ಮಧ್ಯಾಹ್ನ ಬಾಡಿನ ಸಾರು, ಮುದ್ದೆ. ಅಣ್ಣ, ಅಮ್ಮ, ನಾನು ಕೂತಿದ್ದೆವು, ಅತ್ತಿಗೆ ಬಡಿಸುತ್ತಿದ್ದಳು. ತುಟಿಯ ಮೇಲೆ ಅದೇ ಕಗ್ಗೆಂಪು. ನನಗೆ ತಡೆಯಲಾಗಲಿಲ್ಲ.

"ನಮ್ ಶೆಡ್ನಲ್ಲಿ ಗುಲಾಬಿ ಇದ್ದಿದ್ದು ಬೇರೆ ಬಣ್ಣ ಆಯ್ತು ಅಂದ್ರೆ ಹುರಿ ಬೇರೆ ಕಡೆ ತಿರುಗ್ತು ಅಂತ," ಅಂದೆ. "ಅತ್ತಿಗೆ ಮನಸ್ಸು ಯಾವ್ ಕಡೆ ತಿರುಗೈತೋ ಏನೋ, ವಿಚಾರಿಸ್ಕೊ ಕಣಣ್ಣ."

ಅಮ್ಮ ನಕ್ಕಳು. ನಾನೂ ನಕ್ಕೆ. ಅಣ್ಣ ಕೈ ತೊಳೆದುಕೊಂಡು ಎದ್ದ. ಅತ್ತಿಗೆಯ ಜಡೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ. ಅವಳ ಕೈಯಲ್ಲಿದ್ದ ಸಾರಿನ ಪಾತ್ರೆ ಹೊಸಿಲ ಮೇಲೆ ಚೆಲ್ಲಿತು. ಬಟ್ಟೆ ಒಗೆಯುವ ಕಲ್ಲಿಗೆ ಅವಳ ತಲೆ ಒತ್ತಿ ಹಿಡಿದು, ಪಾತ್ರೆ ಉಜ್ಜುವ ತೆಂಗಿನ ನಾರಿಗೆ ಸೋಪಿನ ಪುಡಿ ಹಾಕಿ ಅವಳ ತುಟಿ ಉಜ್ಜತೊಡಗಿದ.

"ಯಾವನಿಗೆ ತೋರ್ಸಕ್ಕೆ ಹಚ್ಕೊಂಡೆ, ಹೇಳು."

ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಕೈಯಲ್ಲಿ ಮುರಿದ ಮುದ್ದೆ ತುತ್ತು ಹಾಗೇ ಇತ್ತು. ಕೆಂಪು ನೀರು ಕಲ್ಲಿನಿಂದ ಚರಂಡಿಗೆ ಇಳಿಯುತ್ತಿತ್ತು. ಬಣ್ಣ ಪೂರ್ತಿ ಹೋಯಿತು. ಅದರ ಕೆಳಗೆ ಇನ್ನೊಂದು ಬಣ್ಣವಿತ್ತು, ಅದು ಹೋಗಲಿಲ್ಲ. ಕೆಳತುಟಿ ಪೂರ್ತಿ ಕಪ್ಪು ನೀಲಿ, ನಡುವೆ ಒಂದು ಹಳೆಯ ಸೀಳು. ನಾರು ತಾಗಿ ಆ ಸೀಳು ಬಾಯಿಬಿಟ್ಟಿತು. ಅದು ಒಂದು ದಿನದ ಗಾಯವಲ್ಲ ಎಂದು ನನಗೂ ಗೊತ್ತಾಯಿತು.

ಅತ್ತಿಗೆ ಅಷ್ಟು ಹೊತ್ತಿನಲ್ಲಿ ಒಂದೇ ಮಾತು ಆಡಿದಳು. "ನೀನ್ ಮಾಡಿದ್ದು ಜನಕ್ಕೆ ಕಾಣ್ಬಾರ್ದು ಅಂತ ಹಚ್ಕೊಂಡೆ."

ಅವನು ನಾರು ಬಿಸಾಡಿ ಮುಷ್ಟಿ ಎತ್ತಿದ. ನಾನು ಒಳಗೆ ಓಡಿದೆ. ಒಲೆಯ ಪಕ್ಕದಲ್ಲಿ ಮುದ್ದೆ ಕೋಲು ಇತ್ತು, ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಎರಡೂ ಕೈಯಲ್ಲಿ ಹಿಡಿದು ಬಂದು ಅವನ ಮುಂಗೈಗೆ ಹೊಡೆದೆ. ಲಟಕ್ ಎಂದು ಸದ್ದಾಯಿತು. ಅವನು ಕೆಳಗೆ ಕೂತ. ನಾನು ಇನ್ನೊಂದು ಏಟು ಹೊಡೆದೆ, ಅದು ಭುಜಕ್ಕೆ ಬಿತ್ತು. ಮೂರನೆಯದಕ್ಕೆ ಎತ್ತಿದಾಗ ಕೋಲು ಹಿಡಿದು ನಿಲ್ಲಿಸಿದವಳು ಅತ್ತಿಗೆ. ಇಲ್ಲದಿದ್ದರೆ ನಾನು ತಲೆಗೇ ಹಾಕುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಮ್ಮ ಎದೆ ಬಡಿದುಕೊಂಡಳು. "ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತಾರಲ್ಲ, ಆ ಬಾಯಿ ನಿಂದೇ ಕಣೆ. ಒಡಹುಟ್ಟಿದೋನ ಮೇಲೆ ಕೈ ಮಾಡ್ದಲ್ಲ." ಆಮೇಲೆ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಮೂಳೆ ಕಟ್ಟಿಸಲು ಹೊರಟಳು. ಹೊರಡುವ ಮುಂಚೆ ಅತ್ತಿಗೆಗೆ, "ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನು. ಹಂಗಂದ್ರೆ ಮಾತ್ರ ಈ ಮನೆ ನಿಂದು," ಅಂದಳು.

ನಾವಿಬ್ಬರೂ ಆಸ್ಪತ್ರೆಗೆ ನಡೆದೇ ಹೋದೆವು. ತುಟಿಗೆ ನಾಲ್ಕು ಹೊಲಿಗೆ ಬಿತ್ತು. ಬೆಂಚಿನ ಮೇಲೆ ಕೂತಿದ್ದಾಗ ನಾನು, "ನನ್ ಮಾತಿಂದ ಆಯ್ತು," ಎಂದು ಅತ್ತುಬಿಟ್ಟೆ. ಅವಳು ಬಾಯಿ ಅರ್ಧ ತೆರೆದು ನಿಧಾನವಾಗಿ ಹೇಳಿದಳು. "ಇವತ್ತಿಂದು ನಿನ್ ಮಾತಿಂದ. ಮುಂಚೆದೆಲ್ಲ ನಿನ್ ಮಾತಿಂದ ಅಲ್ಲ. ಊರೋರ ತುಟಿ ಎಲ್ಲ ನೋಡ್ತಿದ್ದೆ. ಒಂದ್ಸಲ ಒರ್ಸಿ ನೋಡಿದ್ರೆ ನಂದೂ ಕಾಣ್ತಿತ್ತು."

ನರ್ಸಮ್ಮ ಚೀಟಿ ಹಿಡಿದು ಬಂದು ಹೇಗಾಯಿತು ಎಂದು ಕೇಳಿದರು. ಅತ್ತಿಗೆ ನೆಲ ನೋಡುತ್ತಿದ್ದಳು. ಜಾರಿ ಬಿದ್ದೆ ಅಂದರೆ ಸಂಜೆಗೆ ಅದೇ ಮನೆಗೆ, ಅದೇ ಕಲ್ಲಿನ ಹತ್ತಿರ ವಾಪಸ್ ಹೋಗಬೇಕಿತ್ತು. ಯಮನಿಗೂ ಹೆದರಳು ಅಂತ ನನ್ನ ಕೆಂಪಿಗೆ ನಾನೇ ಬರೆದುಕೊಂಡಿದ್ದ ಶಾಸ್ತ್ರ ಆಗ ಎಲ್ಲೂ ಕಾಣಲಿಲ್ಲ.

"ನಾನ್ ಹೇಳ್ಲಾ?" ಎಂದು ಅತ್ತಿಗೆಯನ್ನು ಕೇಳಿದೆ. ಅವಳು ಹೂಂ ಎಂದು ತಲೆಯಾಡಿಸಿದಳು.

"ನಮ್ಮಣ್ಣ ಹೊಡ್ದ," ಅಂದೆ. "ಬಹಳ ದಿನದಿಂದ ಹೊಡೀತವ್ನೆ. ಬರ್ಕೊಳ್ಳಿ."

ಬರೆದುಕೊಂಡರು. ಅದು ಸ್ಟೇಷನ್ನಿಗೆ ಹೋಯಿತು. ಅತ್ತಿಗೆ ಸಾಸಲಿಗೆ ಹೋದಳು. ಅಮ್ಮನ ಮನೆ ಬಾಗಿಲು ನನಗೂ ಮುಚ್ಚಿತು. ಶೆಡ್ಡಿನ ಹತ್ತಿರ ಒಂದು ರೂಮು ಮಾಡಿಕೊಂಡಿದ್ದೇನೆ. ಹುಡುಗಿಯರು ಈಗಲೂ ತುಟಿ ತೋರಿಸುತ್ತಾರೆ. ನಾನು ಶಾಸ್ತ್ರ ಹೇಳುವುದಿಲ್ಲ, ಮನೆಯಲ್ಲಿ ಎಲ್ಲ ಸರಿಯಾಗಿದೆಯಾ ಎಂದು ಕೇಳುತ್ತೇನೆ.

ಅತ್ತಿಗೆ ಈಗ ನೆಲಮಂಗಲದ ಗೋದಾಮೊಂದರಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾಳೆ. ಹೋದ ತಿಂಗಳು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಮತ್ತೆ ಅದೇ ತಿಳಿ ಗುಲಾಬಿ ಹಚ್ಚಿದ್ದಳು. ಕೆಳತುಟಿಯ ಹೊಲಿಗೆ ಗೀರಿನ ಮೇಲೆ ಬಣ್ಣ ಕೂರದೆ ಅದು ಬಿಳಿಯಾಗಿ ಎದ್ದು ಕಾಣುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ನನ್ನ ಬಾಯಿ ಸುಮ್ಮನಿರಲಿಲ್ಲ.

"ಈ ಬಣ್ಣಕ್ಕೆ ಗೀರು ಕಾಣುತ್ತೆ. ಸ್ವಲ್ಪ ಕಪ್ಪಗಿರೋದು ಹಚ್ಕೋಬಾರ್ದಾ?"

"ಕಾಣ್ಲಿ," ಅಂದಳು. "ಮಾಡ್ದೋನು ಮುಖ ಮುಚ್ಕೊಂಡು ಓಡಾಡ್ಲಿ. ನಂಗೇನು?"

ಅವಳ ಬಸ್ಸು ಬರುವವರೆಗೂ ನಾನು ಆ ಗೀರನ್ನೇ ನೋಡುತ್ತ ನಿಂತಿದ್ದೆ. ಈ ಸಲ ಅವಳು ಮುಖ ತಿರುಗಿಸಲಿಲ್ಲ.