ನಾನು ಬರೆಯದೆ ಬಿಟ್ಟ ಎತ್ತು

ಮೊನ್ನೆ ಬೆಳಿಗ್ಗೆ ಮುನಿಸಿಪಾಲಿಟಿಯವರು ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪೌಡರ್ ಚೆಲ್ಲಿಕೊಂಡು ಹೋದರು. ಎಲ್ಲರೂ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಗೇಟಿನ ಹತ್ತಿರ ಸುಮ್ಮನೆ ನಿಂತುಬಿಟ್ಟೆ. ನಮ್ಮ ಪ್ರೊಫೆಸರ್ ಮೂಳೆ ತೊಳೆಯುತ್ತಿದ್ದದ್ದು ಅದೇ ಪುಡಿ ಕಲಸಿದ ನೀರಿನಲ್ಲಿ. ಅವರ ಕೋಟಿನ ತೋಳಿಗೆ, ಟಿಫನ್ ಕ್ಯಾರಿಯರ್‌ಗೆ, ಕಡೆಗೆ ನನ್ನ ಸೆರಗಿಗೂ ಆ ವಾಸನೆ...

ಅವರು ಹೊಳೆನರಸೀಪುರದ ವೈದಿಕ ಮನೆತನದವರು. ದನದ ಮೂಳೆ ಮುಟ್ಟುವ ಮಗ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕೆಂಬುದು ಅವರ ತಾಯಿಯ ರೂಲ್. ಹಾಸನದ ನಮ್ಮ ಕಾಲೇಜಿನಲ್ಲಿ ಅವರ ಕೋಣೆಯ ಬಾಗಿಲಿಗೆ ಉದ್ದನೆಯ ಬೋರ್ಡು: ಶರೀರಕ್ರಿಯಾಶಾಸ್ತ್ರ ಮತ್ತು ತೌಲನಿಕ ಅಂಗರಚನಾಶಾಸ್ತ್ರ ದತ್ತಿ ಪೀಠ. ಅವರ ಕೈಕೆಳಗೆ ಲೆಕ್ಚರರ್ ಆಗಿ ಸೇರಿದಾಗ, ಇಷ್ಟು ಗ್ರ್ಯಾಂಡ್ ಹೆಸರಿನ ಪೀಠವನ್ನು ಯಾವ ಮಹಾರಾಜರು ಕೊಟ್ಟರೋ ಎಂದುಕೊಂಡಿದ್ದೆ.

ಕೊಟ್ಟವರು ಬಾಗೂರಿನ ಕಡೆಯ ಒಬ್ಬ ಗೌಡರು. ಅವರ ಒಳ್ಳೆಯ ಎತ್ತೊಂದು ಮೇವು ಬಿಟ್ಟು ಸೊರಗಿ ಸತ್ತಿತ್ತು. ತಮ್ಮನೇ ಮಾಟ ಮಾಡಿಸಿದ್ದಾನೆಂದು ಗೌಡರು ಅವನ ಜೊತೆ ಮಾತು ಬಿಟ್ಟಿದ್ದರಂತೆ. ಆಗಿನ್ನೂ ಯುವಕರಾಗಿದ್ದ ನಮ್ಮ ಪ್ರೊಫೆಸರ್ ಹೋಗಿ, ಎತ್ತನ್ನು ಕೊಯ್ದು ತೋರಿಸಿದರು. ಹುಲ್ಲಿನ ಜೊತೆ ನುಂಗಿದ ಬೆರಳುದ್ದದ ತಂತಿ, ಹೊಟ್ಟೆಯಿಂದ ಹೊರಟು ಹೃದಯಕ್ಕೆ ಚುಚ್ಚಿಕೊಂಡಿತ್ತು.

“ಒಟ್ಟೇಲಿ ತಂತಿ ಮಡಿಕ್ಕಂಡು ಎಲ್ಡು ತಿಂಗ್ಳು ಉತ್ತದೆ ಸಾ ಇದು. ನಾನು ತಮ್ಮನ್ ಮ್ಯಾಲೆ ಅನುಮಾನ ಪಟ್ನಲ್ಲ,” ಎಂದು ಗೌಡರು ಅತ್ತರಂತೆ.

ಪೀಠ ಹುಟ್ಟಿದ್ದು ಹಾಗೆ. ಕಂಡೀಷನ್ ಒಂದೇ: ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ, ಪೀಠದಲ್ಲಿ ಕೂತವರು ಅವರೂರಿನ ಕಣಕ್ಕೆ ಬಂದು, ದನದ ಒಳಗೇನಿದೆ, ಮನುಷ್ಯರ ಒಳಗೇನಿದೆ ಎಂದು ಜನಕ್ಕೆ ಬಿಡಿಸಿ ಹೇಳಬೇಕು. ಅದನ್ನು ಯಾರೂ ಕಾಗದದಲ್ಲಿ ಬರೆದಿರಲಿಲ್ಲ. ಇಬ್ಬರ ನಡುವಿನ ಮಾತು, ಅಷ್ಟೇ.

ಕಣಕ್ಕೆ ಹೋಗುವಾಗ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಮೂಳೆಯ ಟ್ರಂಕು ನನ್ನ ಕಾಲ ಬಳಿ ಇರುತ್ತಿತ್ತು. ಒಂದು ವರ್ಷ ಪ್ರೊಫೆಸರ್ ಮನುಷ್ಯನ ಕೈಮೂಳೆಯ ಪಕ್ಕ ಎತ್ತಿನ ಕಾಲು ಇಟ್ಟು, ಎತ್ತು ನಿಲ್ಲುವುದು ಎರಡೇ ಬೆರಳಿನ ತುದಿಯ ಮೇಲೆ ಎಂದು ತೋರಿಸಿದರು. ಮುಂದೆ ಕೂತಿದ್ದ ಅಜ್ಜಿಯೊಬ್ಬಳು, “ನೋಡ್ದಾ, ಎತ್ತು ಉಗುರ್ ಮ್ಯಾಲೆ ನಿಂತ್ಕಂಡು ಒಲ ಉಳ್ತದೆ. ನಮ್ಮೆಜಮಾನ ಎಲ್ಡು ಪಾದ ಊರುದ್ರೂ ಒಂದು ಸಾಲು ಉಳ್ನಿಲ್ಲ,” ಎಂದಳು. ಕಣವೆಲ್ಲ ನಕ್ಕಿತು. ನಾನು ಸೆರಗಿಗೆ ಸಗಣಿ ತಾಗದಂತೆ ಎತ್ತಿ ಹಿಡಿದು ನಿಂತಿದ್ದೆ.

ಪ್ರೊಫೆಸರ್ ರಿಟೈರಾಗುವ ವರ್ಷ, ಪೀಠದ ಹಿಸ್ಟರಿ ಬರೆದುಕೊಡಿ ಎಂದು ಆಡಳಿತ ಮಂಡಳಿ ಕೇಳಿತು. ಮುಂದೆ ಬರುವವರು ಅದರಂತೆ ನಡೆಯಬೇಕಿತ್ತು.

“ನಿಂದು ಕಾನ್ವೆಂಟ್ ಇಂಗ್ಲಿಷು, ನೀನೇ ಬರೀಮ್ಮ,” ಎಂದರು ಪ್ರೊಫೆಸರ್.

ಬರೆದೆ. ಆರು ಪುಟ, ಒಂದು ಕಾಮಾ ಕೂಡ ತಪ್ಪಿಲ್ಲ. ಅದರಲ್ಲಿ ಗೌಡರು ನ್ಯಾಚುರಲ್ ಸೈನ್ಸ್‌ನಲ್ಲಿ ಆಸಕ್ತಿಯಿದ್ದ ಮಹನೀಯರಾದರು. ಎತ್ತು, ತಂತಿ, ಕಣ ಯಾವುದೂ ಇರಲಿಲ್ಲ. ಕಾನ್ವೆಂಟಿನ ಸಿಸ್ಟರ್ಸ್ ಕಲಿಸಿದ ಇಂಗ್ಲಿಷಿನಲ್ಲಿ ಅವಕ್ಕೆ ಜಾಗ ಸಿಕ್ಕಲಿಲ್ಲ... ಸಿಕ್ಕಲಿಲ್ಲ ಎಂದರೆ ಸುಳ್ಳು. ನಾನು ಕೊಡಲಿಲ್ಲ.

ಅವರು ಓದಿ ಮುಗಿಸಿ ಕನ್ನಡಕ ತೆಗೆದರು. “ಎತ್ತೆಲ್ಲಿ ಹೋಯ್ತಮ್ಮ?”

“ಅದು ಡಿಗ್ನಿಫೈಡ್ ಆಗಿ ಕಾಣಲ್ಲ ಸರ್.”

ಅವರು ಪೆನ್ನಿನ ಮುಚ್ಚಳ ತೆಗೆದರು. “ಹೋಗಲಿ, ನಿಂಗೆ ಗೊತ್ತಿದೆಯಲ್ಲ. ಬರೋರಿಗೆ ನೀನು ಹೇಳ್ತೀಯ,” ಎಂದು ಸಹಿ ಹಾಕಿದರು.

ಆ ವರ್ಷದ ಸುಗ್ಗಿಗೆ ಮುಂಚೆಯೇ ಅವರು ತೀರಿಕೊಂಡರು. ಹೊಸ ಪ್ರೊಫೆಸರ್ ಹೊರಗಿನವರು, ತುಂಬಾ ಸ್ಟೈಲಿಷ್. ಕಣದ ವಿಷಯ ಹೇಳಿದರೆ ನಕ್ಕಾರೆಂದು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಮುಂದೂಡಿದೆ. ಎರಡು ಸುಗ್ಗಿ ಹೋದವು. ಒಂದು ದಿನ ಗೌಡರೇ ಕಾಲೇಜಿಗೆ ಬಂದರು.

“ಕಣ ಸಾರ್ಸಿ ಕಾದ್ವಿ ಮೇಡಮ್ಮಾರೆ. ದಾರಿ ಮರ್ತೋಯ್ತಾ?”

ಪರೀಕ್ಷೆ, ವ್ಯಾಲ್ಯುಯೇಷನ್ ಎಂದು ಏನೋ ತೊದಲಿದೆ. ನಾನು ತರಿಸಿದ ಟೀಯನ್ನು ಅವರು ಮುಟ್ಟಲಿಲ್ಲ. “ಮಾತೇ ನಿಂತೋದ್ ಮ್ಯಾಲೆ ಪೀಠ ಯಾಕೆ, ಬುಡಿ,” ಎಂದು ಎದ್ದು ಹೋದರು. ಆ ವರ್ಷವೇ ದತ್ತಿಯನ್ನು ಹಿಂದಕ್ಕೆ ಪಡೆದರು. ಬೋರ್ಡು ಇಳಿಸುವಾಗ ನಾನು ಕ್ಲಾಸಿನಲ್ಲಿದ್ದೆ. ಮೊಳೆ ಕೀಳುವ ಸದ್ದು ಕೇಳುತ್ತಿತ್ತು.

ಪ್ರೊಫೆಸರ್ ಕೊಟ್ಟಿದ್ದ ಆ ತಂತಿ ಔಷಧಿ ಸೀಸೆಯಲ್ಲಿ ಈಗಲೂ ನನ್ನ ಬೀರುವಿನಲ್ಲಿದೆ. ಮೊನ್ನೆ ಗೇಟಿನಿಂದ ಒಳಗೆ ಬಂದವಳು ಅದನ್ನು ಮೇಜಿನ ಮೇಲಿಟ್ಟುಕೊಂಡು, ಪೀಠದ ಹಿಸ್ಟರಿಯನ್ನು ಮತ್ತೆ ಬರೆಯಲು ಕೂತೆ. ಈ ಸಲ ಕನ್ನಡದಲ್ಲಿ. ಮೊದಲ ಸಾಲಿಗೇ ಎತ್ತು ಬಂತು. ಗೌಡರಿಲ್ಲ, ಪೀಠವಿಲ್ಲ, ಇದನ್ನು ಸಬ್ಮಿಟ್ ಮಾಡಲು ಯಾರ ಟೇಬಲ್ಲೂ ಇಲ್ಲ. ಓದಿ ಮುಗಿಸಿ ಕನ್ನಡಕ ತೆಗೆಯುವವರೂ...